ಅತ್ತೆ ನಕ್ಕ ದಿನಗಳು

ನಮ್ಮ ಸೋದರತ್ತೆಯ ಸೆರಗಿನ ತುದಿ ಯಾವಾಗಲೂ ಒದ್ದೆ. ಕೆಮ್ಮಿದಾಗಲೆಲ್ಲ ಅದನ್ನೇ ಬಾಯಿಗೆ ಒತ್ತಿಕೊಳ್ಳುವಳು. ಕೌಜಲಗಿಗೆ ಮದುವೆಯಾಗಿ ಹೋದವಳು, ಗಂಡ ಸತ್ತ ಮೇಲೆ ಕ್ಷಯ ಹತ್ತಿಸಿಕೊಂಡು ಹುಕ್ಕೇರಿಯ ನಮ್ಮ ಮನೆಗೇ ಮರಳಿದ್ದಳು. ಅವಳ ತಾಟು ಬೇರೆ, ಹಾಸಿಗೆ ಬೇರೆ. ಏನು ಬೇಕೆಂದು ಕೇಳಿದರೂ ಒಂದೇ ಉತ್ತರ: "ನನಗ್ಯಾಕ ಬೇಕ ಬಿಡವಾ." ಅರ್ಧ ರೊಟ್ಟಿ ತಿಂದು ಉಳಿದದ್ದನ್ನು ಎಮ್ಮೆಗೆ ಹಾಕುವಳು.

ಐವತ್ತರ ದಶಕದ ಕೊನೆಗೆ, ದೊಡ್ಡ ದವಾಖಾನೆಯ ಡಾಕ್ಟರು ಕ್ಷಯಕ್ಕೆಂದು ಹೊಸ ಗುಳಿಗೆ ಕೊಟ್ಟರು. ಕೆಮ್ಮು ಅಷ್ಟೇನೂ ಇಳಿಯಲಿಲ್ಲ. ಆದರೆ ಕೆಲವೇ ವಾರಗಳಲ್ಲಿ ಅತ್ತೆ ರೊಟ್ಟಿಗೆ ಖಾರದ ಚಟ್ನಿ ಕೇಳಿದಳು, ಎಮ್ಮೆಯೊಡನೆ ಜಗಳ ತೆಗೆದಳು, ಸೆರಗು ಮರೆತು ನಕ್ಕಳು. ಅವಳ ಮುಂದಿನ ಹಲ್ಲುಗಳ ನಡುವೆ ಸಂದಿಯಿದೆಯೆಂದು ನನಗೆ ಗೊತ್ತಾದದ್ದು ಆಗಲೇ.

"ತಲಿ ಮ್ಯಾಲಿನ ಜ್ವಾಳದ ಚೀಲ ಯಾರೋ ಇಳಿಸಿದಂಗ ಆಗೈತಿ ನೋಡವಾ," ಎಂದಿದ್ದಳು.

ಅಕ್ಕನನ್ನು ನೋಡಲು ಗೋಕಾಕದಿಂದ ಗಂಡಿನವರು ಬಂದರು. ಗಂಡಿನ ಕಾಕಾ ಭಾರೀ ಗತ್ತಿನಿಂದ ಮಾತಾಡುತ್ತ ತನ್ನ ಮೀಸೆಯನ್ನೆಲ್ಲ ಚಹಾದಲ್ಲಿ ಅದ್ದಿಕೊಂಡ. ಒಳಗಿನಿಂದ ಅತ್ತೆ ಗೊಳ್ಳೆಂದು ನಕ್ಕಳು. ಅವರು ಎದ್ದೇ ಹೋದರು.

"ಗಂಡ ಸತ್ತಾಕಿ ಹಿಂಗ ನಗತಾಳೇನ? ಇಕಿಗೆ ಯಾರೋ ಮದ್ದ ಹಾಕ್ಯಾರ," ಎಂದಳು ಅಜ್ಜಿ.

ಊಟದಲ್ಲಿ ಏನೋ ಬೆರೆಸಿ ಬುದ್ಧಿ ಕೆಡಿಸಿದ್ದಾರೆಂದು ಅನುಮಾನ ಬಂದರೆ, ಅದನ್ನು ಕಕ್ಕಿಸುವವರು ನಮ್ಮ ಕಡೆ ಇದ್ದರು. ಮೂಡಲಗಿ ಹತ್ತಿರದ ಅಂಥವನೊಬ್ಬನ ಬಳಿಗೆ ಅತ್ತೆಯನ್ನು ಚಕ್ಕಡಿಯಲ್ಲಿ ಒಯ್ದರು. ಎಂಥದೋ ಸೊಪ್ಪಿನ ರಸ ಕುಡಿಸಿ, ರಕ್ತ ಬರುವವರೆಗೆ ವಾಂತಿ ಮಾಡಿಸಿದರು.

"ಯವ್ವಾ, ನನಗ ಬರೇ ನಗಿ ಬಂತಬೇ, ಬ್ಯಾರೆ ಏನೂ ಆಗಿಲ್ಲ," ಎಂದು ಅತ್ತೆ ಅಜ್ಜಿಗೆ ಕೈ ಮುಗಿದಳಂತೆ.

ಇನ್ನು ಹೊರಗಿನವರು ಕೊಟ್ಟದ್ದೇನೂ ಬೇಡವೆಂದು ಗುಳಿಗೆಗಳೂ ತಿಪ್ಪೆಗೆ ಹೋದವು. ಅತ್ತೆಯ ಸೆರಗು ಮತ್ತೆ ಬಾಯಿಗೆ ಬಂತು.

ಮುಂದೆ ಬೆಳಗಾವಿಯಲ್ಲಿ ಔಷಧಶಾಸ್ತ್ರ ಓದುವಾಗ ತಿಳಿಯಿತು. ಮನಸ್ಸಿಗೆ ಹುರುಪು ಕೊಡುವ ಕೆಲವು ರಾಸಾಯನಿಕಗಳು ನಮ್ಮ ಮೆದುಳಿನಲ್ಲಿವೆ. ಅವನ್ನು ಒಡೆದುಹಾಕುವ ಕಿಣ್ವವೂ ಇದೆ. ಕ್ಷಯದ ಆ ಗುಳಿಗೆ ಆ ಕಿಣ್ವವನ್ನೇ ತಡೆಯುತ್ತಿತ್ತು. ಹಾಗಾಗಿ ಹುರುಪಿನ ರಾಸಾಯನಿಕಗಳು ಮೆದುಳಿನಲ್ಲಿ ಉಳಿದು ಹೆಚ್ಚುತ್ತಿದ್ದವು. ಯಕೃತ್ತಿಗೆ ಕೆಡುಕೆಂದು ಆಮೇಲೆ ಅದನ್ನು ನಿಲ್ಲಿಸಿದರು, ಆ ಮಾತು ಬೇರೆ. ಆದರೆ ಅತ್ತೆಗೆ ಯಾರೂ ಏನೂ ಹಾಕಿರಲಿಲ್ಲ. ತರಗತಿಯಲ್ಲಿ ಕೂತಿದ್ದ ನನಗೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಅಷ್ಟು ಹೊತ್ತಿಗೆ ಅವಳು ತೀರಿಕೊಂಡು ವರ್ಷಗಳಾಗಿದ್ದವು. ಹೆಣಕ್ಕೆ ವಿಭೂತಿ ಹಚ್ಚಿ ಕೂರಿಸಿದ್ದಾಗ ಓಣಿಯ ಹೆಂಗಸೊಬ್ಬಳು ಹೊಗಳಿದ್ದಳು: "ಎಂಥಾ ಮರ್ಯಾದಿ ಹೆಣ್ಣಮಗಳರೀ. ಒಂದ ದಿನಾ ಹಲ್ಲ ಕಾಣಿಸಿದಾಕಿ ಅಲ್ಲ."

ಅಜ್ಜಿ ಕಣ್ಣೊರೆಸಿಕೊಂಡು, "ಖರೆ ಐತಿ," ಎಂದಿದ್ದಳು.