ಎರಡು ಪಟ್ಟಿಯಲ್ಲೂ ಇಲ್ಲದ ಹೆಸರು

ನಲವತ್ತೇಳರ ಜೂನ್ ತಿಂಗಳಲ್ಲಿ ನಾನು ಒಟ್ಟು ಹತ್ತು ದಿನ ನಗರದ ಹೆಣ್ಣುಮಕ್ಕಳ ಕಾಲೇಜೊಂದರ ನೋಟೀಸು ಬೋರ್ಡಿನ ಮುಂದೆ ನಿಂತಿದ್ದೇನೆ. ಹಲಸೂರಿನಿಂದ ಒಂಬತ್ತರ ಬಸ್ಸು, ಇಳಿದ ಮೇಲೆ ನಡಿಗೆ, ಹತ್ತೂಕಾಲಿಗೆ ಬೋರ್ಡು. ಹನ್ನೊಂದರವರೆಗೆ ಕಾಯುವುದು, ಹನ್ನೆರಡೂವರೆಗೆ ಮನೆ. ಈ ಕ್ರಮವನ್ನು ಹಾಕಿಕೊಟ್ಟವರು ಅಪ್ಪ. ಅವರು ಮಿಲಿಟರಿ ಆಸ್ಪತ್ರೆಯಲ್ಲಿ ಕಾಂಪೌಂಡರ್. ನಮ್ಮ ಮನೆಯಲ್ಲಿ ಐದಕ್ಕೆ ಏಳಬೇಕು, ಐದೂವರೆಗೆ ಹಾಸಿಗೆ ಸುತ್ತಿಟ್ಟಿರಬೇಕು, ಆರಕ್ಕೆ ಪುಸ್ತಕ ತೆರೆದಿರಬೇಕು. ಹಬ್ಬದ ದಿನವೂ ಹೀಗೆಯೇ. ನಾನು ಇವತ್ತಿಗೂ ಐದಕ್ಕೆ ಏಳುತ್ತೇನೆ. ಅದರಿಂದ ನನಗೆ ಕೆಟ್ಟದ್ದೇನೂ ಆಗಿಲ್ಲ.

ಆದರೆ ನಾನು ಕಾಯುತ್ತಿದ್ದ ಪ್ರವೇಶದ ಪಟ್ಟಿಗೆ ಹೊತ್ತುಗೊತ್ತು ಇರಲಿಲ್ಲ. ಮೊದಲು ಬುಧವಾರ ಎಂದರು. ಆಮೇಲೆ ಶುಕ್ರವಾರ. ಆಮೇಲೆ ಬಾಗಿಲಲ್ಲಿ ಕೂರುವ ಜವಾನ, "ಮೇಲಿಂದ ಬರ್ಬೇಕಮ್ಮ" ಎಂದು ಚಾವಣಿಯ ಕಡೆ ಕೈ ತೋರಿಸಿದ. ಮೇಲೆ ಮಹಡಿ ಇರಲಿಲ್ಲ.

ಕಾಯುವುದಕ್ಕೆ ನನಗೆ ಒಂದು ಗಡುವಿತ್ತು. ದಂಡಿನಲ್ಲೇ, ಅಂದರೆ ಕಂಟೋನ್ಮೆಂಟಿನಲ್ಲೇ, ಇದ್ದ ಒಂದು ಮಿಷನ್ ಉಪಾಧ್ಯಾಯಿನಿಯರ ತರಬೇತಿ ಶಾಲೆಯಲ್ಲಿ ನನಗೆ ಜಾಗ ಸಿಕ್ಕಿಯಾಗಿತ್ತು. ತಿಂಗಳ ಕೊನೆಯ ಸೋಮವಾರ ಬೆಳಿಗ್ಗೆ ಏಳಕ್ಕೆ ಪೆಟ್ಟಿಗೆ ಸಮೇತ ಹಾಜರಾಗಬೇಕು, ಓದು ಮುಗಿದ ಮೇಲೆ ಐದು ವರ್ಷ ಅವರು ಹೇಳಿದ ಕಡೆ ಪಾಠ ಹೇಳುತ್ತೇನೆಂದು ಕರಾರಿಗೆ ಸಹಿ ಮಾಡಬೇಕು. ಸಹಿ ಮಾಡಿದರೆ ಕಾಲೇಜಿನ ಮಾತು ಅಲ್ಲಿಗೆ ಮುಗಿಯಿತು. ನನಗೆ ರಸಾಯನಶಾಸ್ತ್ರ ಓದುವ ಆಸೆ. ಅಪ್ಪನಿಗೆ ಊಟದ ಡಬ್ಬಿ ಕೊಡಲು ಆಸ್ಪತ್ರೆಗೆ ಹೋದಾಗ ಬಾಟಲಿಗಳ ಮೇಲಿನ ಚೀಟಿಗಳನ್ನು ಓದಿ ಓದಿ ಹತ್ತಿದ ಆಸೆ ಅದು. ಅಪ್ಪ ಬೇಡ ಎನ್ನಲಿಲ್ಲ. "ಸೋಮವಾರದೊಳಗೆ ಪಟ್ಟಿ ಬಂದು ಹೆಸರಿದ್ರೆ ಕಾಲೇಜು. ಇಲ್ದಿದ್ರೆ ಪೆಟ್ಟಿಗೆ" ಎಂದಷ್ಟೇ ಹೇಳಿದರು.

ಈಗಿನವರಿಗೆ ಒಂದು ವಿಷಯ ಹೇಳಬೇಕು. ಆಗ ಬೆಂಗಳೂರು ಒಂದು ಊರಾಗಿರಲಿಲ್ಲ. ಪೇಟೆ, ಕೋಟೆ, ಕಾಲೇಜುಗಳು ಇದ್ದ ನಗರ ಮೈಸೂರು ಮಹಾರಾಜರದು. ಹಲಸೂರು, ಬ್ಲಾಕ್‌ಪಲ್ಲಿ ಎಂದು ಕರೆಯುತ್ತಿದ್ದ ಈಗಿನ ಶಿವಾಜಿನಗರ, ಇವೆಲ್ಲ ಸೇರಿದ ದಂಡು ಪ್ರದೇಶ ಇಂಗ್ಲಿಷರದು. ಹಲಸೂರು ದಾಟಿ ಪೂರ್ವಕ್ಕೆ ಕೃಷ್ಣರಾಜಪುರದ ಕಡೆ ಹೋದರೆ ಮತ್ತೆ ಮೈಸೂರು. ನಾವು ನಡುವೆ. ದಂಡನ್ನು ಮಹಾರಾಜರಿಗೆ ವಾಪಸು ಕೊಡುತ್ತಾರಂತೆ ಎಂದು ಆ ಬೇಸಿಗೆಯಿಡೀ ಜನ ಮಾತಾಡುತ್ತಿದ್ದರು. ಯಾವಾಗ ಎಂದು ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ.

ಕಾಲೇಜಿನ ಅರ್ಜಿಯಲ್ಲಿ ಒಂದು ಕಲಂ ಇತ್ತು: ಸಂಸ್ಥಾನದವರೋ, ಹೊರಗಿನವರೋ. ಅಪ್ಪ ಲೇಖನಿ ಅದ್ದಿ, ತಮ್ಮ ದುಂಡು ಅಕ್ಷರದಲ್ಲಿ "ಹೊರಗಿನವರು" ಎಂದು ಬರೆದರು. ಹೊರಗಿನವರಿಗೆ ಇದ್ದ ಜಾಗಗಳು ಬೆರಳೆಣಿಕೆಯಷ್ಟು ಎಂಬುದು ಅವರಿಗೆ ಗೊತ್ತಿತ್ತು. ಆದರೂ ಬರೆದರು. ನಾವು ಇದ್ದದ್ದು ಹಲಸೂರಿನಲ್ಲಿ, ಹಲಸೂರು ದಂಡಿಗೆ ಸೇರಿದ್ದು, ಅದರಲ್ಲಿ ಯೋಚಿಸುವುದೇನಿದೆ?

ಯೋಚಿಸಿದವರು ಚಿಕ್ಕಪ್ಪ. ಅಪ್ಪನ ಊರು ಕೃಷ್ಣರಾಜಪುರದ ಪಕ್ಕದ ಹಳ್ಳಿ. ಅಲ್ಲಿ ತಾತ ಇದ್ದರು, ಹೊಲ ಇತ್ತು, ಹೊಲ ನೋಡಿಕೊಳ್ಳುವುದಕ್ಕೆ ಚಿಕ್ಕಪ್ಪ ಇದ್ದರು. ಅಪ್ಪ ಹತ್ತೊಂಬತ್ತನೇ ವಯಸ್ಸಿನಲ್ಲಿ ತಾತನ ಜೊತೆ ಜಗಳವಾಡಿ, ನನಗೂ ಈ ಊರಿಗೂ ಇನ್ನು ಸಂಬಂಧವಿಲ್ಲ ಎಂದು ಹೇಳಿ ದಂಡಿಗೆ ನಡೆದು ಬಂದವರು. ಹೇಳಿದ ಮಾತಿನಂತೆಯೇ ನಡೆದುಕೊಂಡಿದ್ದರು. ಚಿಕ್ಕಪ್ಪ ಮಾತ್ರ ವಾರಕ್ಕೆ ಮೂರು ದಿನ ಬ್ಲಾಕ್‌ಪಲ್ಲಿಯ ಮಾರ್ಕೆಟ್ಟಿಗೆ ಸೊಪ್ಪಿನ ಗಾಡಿ ಹೊಡೆದುಕೊಂಡು ಬಂದು, ಹಿಂದಿರುಗುವಾಗ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಅಪ್ಪ ಆಸ್ಪತ್ರೆಗೆ ಹೋದ ಮೇಲೆ.

ಅರ್ಜಿಯ ವಿಷಯ ಕೇಳಿ ಚಿಕ್ಕಪ್ಪ ಲೋಟ ಕೆಳಗಿಟ್ಟರು.

"ಹೊರಗಿನವರಾ? ಅಣ್ಣ ಹಂಗಂತ ಬರ್ದವ್ನಾ? ಅತ್ತಿಗೆ, ಅವ್ನು ಹೊರಗಿನವನಾದ್ರೆ ನಾನ್ಯಾರು, ದಾರಿಹೋಕನಾ?"

"ನಿಮ್ಮಣ್ಣನ್ನೇ ಕೇಳಿ," ಎಂದರು ಅಮ್ಮ.

"ಕೇಳಿದ್ರೆ ಬೈತಾನೆ. ನಾನು ಕೇಳಲ್ಲ. ಪಟೇಲರ ಹತ್ರ ಒಂದು ಕಾಗ್ದ ಬರ್ಸ್ಕೊಂಡು ಬತ್ತೀನಿ. ನೀನು ಇನ್ನೊಂದು ಅರ್ಜಿ ಹಾಕು ಕಣಮ್ಮ, ನಮ್ಮೂರಿಂದ. ಸುಮ್ಕೆ ಸಹಿ ಮಾಡು, ಮಿಕ್ಕಿದ್ದು ನಾನು ನೋಡ್ಕೊತೀನಿ."

ನಾನು ಅಮ್ಮನ ಮುಖ ನೋಡಿದೆ. ಅಮ್ಮನಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. "ನಿಂಗೆ ಜ್ವರ ಬಂದಾಗ ಸೋಮೇಶ್ವರನಿಗೂ ಹರಕೆ ಹೊತ್ತೆ, ಬ್ಲಾಕ್‌ಪಲ್ಲಿ ಮೇರಿಯಮ್ಮನಿಗೂ ಮೇಣದಬತ್ತಿ ಹಚ್ಚಿಸ್ದೆ. ಯಾರಾದ್ರೂ ಕೋಪ ಮಾಡ್ಕೊಂಡ್ರಾ? ಎರಡು ಕಡೆ ಕೇಳಿದ್ರೆ ಒಂದು ಕಡೆ ಆದ್ರೂ ಆಗುತ್ತೆ."

ದಂಡಿನಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಇದನ್ನೇ. ಪಕ್ಕದ ಮನೆಯ ತಮಿಳು ಅಕ್ಕ ಇದಕ್ಕೆ ಒಂದು ದರ್ಗಾವನ್ನೂ ಸೇರಿಸುತ್ತಿದ್ದರು. ನಾನು ಸಹಿ ಮಾಡಿದೆ. ಪೋಷಕರ ಜಾಗದಲ್ಲಿ ಚಿಕ್ಕಪ್ಪ ಸಹಿ ಮಾಡಿದರು. ಅಪ್ಪನಿಗೆ ಯಾರೂ ಹೇಳಲಿಲ್ಲ.

ಆಮೇಲಿನ ದಿನಗಳಲ್ಲಿ ನನಗೆ ನಾನು ಏನನ್ನು ಕಾಯುತ್ತಿದ್ದೇನೆ ಎಂಬುದೇ ಸರಿಯಾಗಿ ತಿಳಿಯುತ್ತಿರಲಿಲ್ಲ. ಹೊರಗಿನವರ ಪಟ್ಟಿಯಲ್ಲಿ ಹೆಸರು ಬಂದರೆ ಅಪ್ಪನ ಮುಂದೆ ನಿಲ್ಲಬಹುದು. ಸಂಸ್ಥಾನದವರ ಪಟ್ಟಿಯಲ್ಲಿ ಬಂದರೆ ಅದನ್ನು ಅಪ್ಪನಿಗೆ ಹೇಗೆ ಹೇಳುವುದು? ಎರಡರಲ್ಲೂ ಬಂದರೆ? ಬಸ್ಸಿನಲ್ಲಿ ಕೂತು ಮೂರಕ್ಕೂ ಉತ್ತರ ಸಿದ್ಧ ಮಾಡಿಕೊಳ್ಳುತ್ತಿದ್ದೆ. ಇಳಿಯುವ ಹೊತ್ತಿಗೆ ಒಂದಕ್ಕೆ ಇನ್ನೊಂದು ಬೆರೆತು ಹೋಗಿರುತ್ತಿತ್ತು. ಕೈತೊಳೆದು ಊಟಕ್ಕೆ ಕೂತರೆ, ಕೈ ತೊಳೆದೆನೋ ಇಲ್ಲವೋ ಎಂದು ಮತ್ತೆ ಎದ್ದು ಹೋಗುತ್ತಿದ್ದೆ. ತಮಿಳು ಅಕ್ಕ ದಿನವೂ ಬಾಗಿಲಲ್ಲಿ ಹಿಡಿಯುತ್ತಿದ್ದರು. "ಏನ್ಮಾ, ಇವತ್ತೂ ಬರ್ಲಿಲ್ವಾ? ಆ ಲಿಸ್ಟು ಏನು ಮದ್ರಾಸ್‌ನಿಂದ ನಡ್ಕೊಂಡು ಬರ್ತಾ ಇದ್ಯಾ?"

ಒಂಬತ್ತನೇ ದಿನ, ಶುಕ್ರವಾರ, ಪಟ್ಟಿ ಬಂತು. ಎರಡು ಹಾಳೆ, ಅಕ್ಕಪಕ್ಕ. ಹುಡುಗಿಯರು ಅಣ್ಣ ತಮ್ಮಂದಿರ ಜೊತೆ ನುಗ್ಗಿ ನಿಂತಿದ್ದರು. ನಾನು ನನ್ನ ಸರದಿ ಬರುವ ತನಕ ಕಾದೆ. ಹೊರಗಿನವರ ಹಾಳೆಯನ್ನು ಮೇಲಿನಿಂದ ಓದಿದೆ. ಇರಲಿಲ್ಲ. ಸಂಸ್ಥಾನದವರ ಹಾಳೆಯನ್ನು ಓದಿದೆ. ಇರಲಿಲ್ಲ. ಎರಡನ್ನೂ ಕೆಳಗಿನಿಂದ ಮೇಲಕ್ಕೆ ಓದಿದೆ. ನನಗಿಂತ ಕಡಿಮೆ ಅಂಕ ಬಂದಿದ್ದ ನಮ್ಮ ಶಾಲೆಯ ಹುಡುಗಿಯೊಬ್ಬಳ ಹೆಸರು ಇತ್ತು. ಆ ಹಾಳೆಗಳನ್ನು ಎಷ್ಟು ಸಲ ಓದಿದೆನೋ, ನನ್ನ ಹೆಸರನ್ನು ಹೇಗೆ ಬರೆಯುತ್ತಾರೆ ಎಂಬುದರ ಬಗ್ಗೆಯೇ ಅನುಮಾನ ಬಂತು.

ಮನೆಗೆ ಬಂದು ಇಲ್ಲ ಎಂದೆ. ಅಪ್ಪ ಸಂಜೆ ಕೇಳಿದರು, ತಲೆಯಾಡಿಸಿದರು. ಅಟ್ಟದ ಮೇಲಿನಿಂದ ತಗಡಿನ ಪೆಟ್ಟಿಗೆ ಇಳಿಸಿ ಧೂಳು ಒರೆಸಿಟ್ಟರು.

ಶನಿವಾರ ಬೆಳಿಗ್ಗೆ ನಾನು ಮತ್ತೆ ಒಂಬತ್ತರ ಬಸ್ಸು ಹತ್ತಿದೆ. ಹೋಗುವ ಕಾರಣವಿರಲಿಲ್ಲ. ಹೊತ್ತಾಯಿತು, ಕಾಲು ಹೋಯಿತು, ಅಷ್ಟೆ. ಬೋರ್ಡಿನ ಮುಂದೆ ಯಾರೂ ಇರಲಿಲ್ಲ. ನನ್ನನ್ನು ನೋಡಿ ನೋಡಿ ಗುರುತು ಹಿಡಿದಿದ್ದ ಜವಾನ, "ಒಳಗೆ ಕೇಳಮ್ಮ, ತಿನ್ನೋದಿಲ್ಲ ಅವ್ರು" ಎಂದ.

ಒಳಗೆ ಗುಮಾಸ್ತರು ನನ್ನ ಹೆಸರು ಕೇಳಿದ ತಕ್ಷಣ ತಲೆಯೆತ್ತಿದರು. "ಓ, ನೀನೇನಾ ಆ ಇಬ್ಬರು?" ಎಂದರು.

ಕಪಾಟಿನಿಂದ ಎರಡು ಅರ್ಜಿ ತೆಗೆದು ಮೇಜಿನ ಮೇಲೆ ಇಟ್ಟರು. ಒಂದೇ ಹೆಸರು, ಒಂದೇ ಶಾಲೆ, ಒಂದೇ ಅಂಕ. ಒಂದರಲ್ಲಿ ಹಲಸೂರು, ಹೊರಗಿನವರು. ಇನ್ನೊಂದರಲ್ಲಿ ಹಳ್ಳಿ, ಸಂಸ್ಥಾನದವರು. "ಯಾವುದಕ್ಕೆ ಸೇರಿಸ್ಬೇಕು ಅಂತ ಗೊತ್ತಾಗ್ದೆ ಎರಡನ್ನೂ ತಡೆದಿಟ್ಟಿದೀನಿ. ಇವತ್ತು ಎರಡು ಗಂಟೆಗೆ ಕಡತ ಮುಚ್ತೀವಿ. ನಿಮ್ಮ ತಂದೆಯವರನ್ನ ಕರ್ಕೊಂಡು ಬಾ. ಒಬ್ಬರೇ ತಂದೆ ತಾನೆ?"

ಆಸ್ಪತ್ರೆಯ ಗೇಟಿನ ಹತ್ತಿರ ಅಪ್ಪನಿಗೆ ಎಲ್ಲ ಹೇಳಿದೆ. ಗೇಟಿನ ಸಿಪಾಯಿ ಕೇಳಿಸಿಕೊಳ್ಳುತ್ತಿದ್ದ, ಆದರೂ ಹೇಳಿದೆ. ಅಪ್ಪ ಬಿಳಿ ಕೋಟಿನ ಗುಂಡಿ ಒಂದೊಂದಾಗಿ ಬಿಚ್ಚುತ್ತ ಕೇಳಿದರು, "ಸಹಿ ನಿಂದೇನಾ?"

"ಎರಡೂ ನಂದೇ ಅಪ್ಪ."

ಅಪ್ಪ ಒಳಗೆ ಹೋದರು. ಅರ್ಧ ದಿನದ ರಜಾ ಬರೆದುಕೊಟ್ಟು ಬಂದರು. ನನಗೆ ಗೊತ್ತಿದ್ದಂತೆ ಅದು ಅವರ ಮೊದಲ ಅರ್ಧ ದಿನದ ರಜಾ.

ಕಚೇರಿಯಲ್ಲಿ ಗುಮಾಸ್ತರು ಅವರನ್ನು ಕೂರಿಸಿದರು. "ಹೇಳಿ ಸ್ವಾಮಿ. ಯಾವುದು ಇಟ್ಕೊಳ್ಲಿ, ಯಾವುದು ಬಿಡ್ಲಿ?"

"ಯಾವುದು ನಿಜವೋ ಅದನ್ನ ಇಟ್ಕೊಳ್ಳಿ."

"ಅದನ್ನೇ ನಾನು ನಿಮ್ಮನ್ನ ಕೇಳ್ತಾ ಇರೋದು. ನೀವು ಹುಟ್ಟಿದ್ದೆಲ್ಲಿ?"

ಅಪ್ಪ ಹಳ್ಳಿಯ ಹೆಸರು ಹೇಳಿದರು. ಅವರ ಬಾಯಲ್ಲಿ ಆ ಹೆಸರನ್ನು ನಾನು ಅದೇ ಮೊದಲು ಕೇಳಿದ್ದು.

"ಜಮೀನಿದೆಯಾ?"

"ಇದೆ. ನಂದಲ್ಲ."

"ನಿಮ್ಮದಲ್ಲ ಅಂತ ಕಾಗದ ಆಗಿದೆಯಾ?"

"ಕಾಗದ ಇಲ್ಲ. ಬೇಡ ಅಂತ ಹೇಳಿ ಬಂದಿದೀನಿ."

"ಯಾವಾಗ?"

"ಇಪ್ಪತ್ತೆರಡು ವರ್ಷ ಆಯ್ತು."

ಗುಮಾಸ್ತರು ಕನ್ನಡಕ ತೆಗೆದು ಮೂಗು ಉಜ್ಜಿಕೊಂಡರು. "ಬಾಯಲ್ಲಿ ಹೇಳಿದ್ದನ್ನ ನಾನೆಲ್ಲಿ ಬರ್ಕೊಳ್ಲಿ? ನೋಡಿ, ಹೊರಗಿನವರ ಜಾಗ ತುಂಬಿಹೋಗಿದೆ. ಆ ಅರ್ಜಿ ಇಟ್ಕೊಂಡ್ರೆ ಹುಡುಗಿಗೆ ಇಲ್ಲ. ಸಂಸ್ಥಾನದ್ದರಲ್ಲಿ ಒಂದು ಉಳಿಸ್ಕೊಂಡಿದೀನಿ. ನಾಳೆನೋ ನಾಡಿದ್ದೋ ನಿಮ್ಮ ದಂಡೂ ನಮ್ಮ ಕಡೆಗೇ ಬರುತ್ತೆ. ಆಗ ಈ ಕಲಂ ಇರಲ್ಲ. ಆದ್ರೆ ಇವತ್ತು ಇದೆ. ಇವತ್ತಿನದ್ದು ಹೇಳಿ."

ಅಪ್ಪ ನನ್ನ ಕಡೆ ತಿರುಗಿದರು. "ನೀನು ಹೇಳು. ಯಾವುದು?"

ನನಗೆ ಕಾಲೇಜು ಬೇಕಿತ್ತು. ಬಾಯಿ ತೆರೆದರೆ ಅದನ್ನೇ ಹೇಳಬೇಕಿತ್ತು. ಆದರೆ ಅಪ್ಪ ಕೇಳಿದ್ದು ಅದನ್ನಲ್ಲ. ನಾನು ಮಲಗಿ ಏಳುವುದು ಹಲಸೂರಿನಲ್ಲಿ. ಹಳ್ಳಿಗೆ ಎರಡೇ ಸಲ ಹೋದವಳು, ಎರಡು ಸಲವೂ ಅಮ್ಮನ ಜೊತೆ, ಸಾವಿನ ಮನೆಗೆ. ಆದರೂ ಚಿಕ್ಕಪ್ಪ ನಮ್ಮೂರು ಎಂದಾಗ ನಾನು ಬೇರೆ ಊರು ಎಂದುಕೊಂಡಿರಲಿಲ್ಲ. "ಗೊತ್ತಿಲ್ಲಪ್ಪ," ಎಂದೆ. ಅಪ್ಪನ ಮುಂದೆ ಆ ಮಾತು ಹೇಳಿದರೆ ಸಾಮಾನ್ಯವಾಗಿ, "ಹಾಗಾದ್ರೆ ತಿಳ್ಕೊಂಡು ಬಾ" ಎನ್ನುತ್ತಿದ್ದರು. ಅಂದು ಎನ್ನಲಿಲ್ಲ.

ಗೋಡೆಯ ಗಡಿಯಾರ ಒಂದೂ ಮುಕ್ಕಾಲು ತೋರಿಸುತ್ತಿತ್ತು. ಅಪ್ಪ ತಾವೇ ಬರೆದಿದ್ದ ಅರ್ಜಿಯನ್ನು ಎಳೆದುಕೊಂಡು, ಅಡ್ಡಲಾಗಿ ಗೆರೆ ಹಾಕಿ, "ರದ್ದು" ಎಂದು ಬರೆದು ಕೆಳಗೆ ಸಹಿ, ತಾರೀಖು, ವೇಳೆ ಹಾಕಿದರು. ಆಸ್ಪತ್ರೆಯಲ್ಲಿ ಬದಲಾದ ಔಷಧಿ ಚೀಟಿಯನ್ನು ಹೊಡೆದುಹಾಕುತ್ತಿದ್ದ ರೀತಿ ಅದು. ಆಮೇಲೆ ಇನ್ನೊಂದು ಅರ್ಜಿಯಲ್ಲಿ ಚಿಕ್ಕಪ್ಪನ ಸಹಿಯ ಪಕ್ಕ ತಮ್ಮ ಸಹಿ ಹಾಕಿದರು. "ಸ್ವಂತ ಊರು" ಎಂಬ ಕಲಮಿನಲ್ಲಿ ಚಿಕ್ಕಪ್ಪ ಅವಸರದಲ್ಲಿ ಬರೆದಿದ್ದ ಅಕ್ಷರಗಳ ಮೇಲೆ ಮತ್ತೆ ತಿದ್ದಿ ಬರೆದರು, ಓದಲು ಸರಿಯಾಗಿ ಬರಲಿ ಎಂದು.

"ಸೋಮವಾರ ಹತ್ತಕ್ಕೆ ಬರ್ಲಿ," ಎಂದರು ಗುಮಾಸ್ತರು.

ಬಸ್ಸಿಗೆ ನಡೆಯುವಾಗ ನಾನು ಕೇಳಿದೆ, "ಅಪ್ಪ, ನಾವು ಸುಳ್ಳು ಬರೆದ ಹಾಗಾಯ್ತಾ?"

"ಗೊತ್ತಾಗ್ತಾ ಇಲ್ಲ," ಎಂದರು. ಸ್ವಲ್ಪ ದೂರ ಹೋದ ಮೇಲೆ, "ನಾಳೆ ಊರಿಗೆ ಹೋಗ್ಬೇಕು. ಅವರ ಊರಿನ ಹೆಸರು ಬರೆದಿದೀನಿ, ಹೇಳ್ದೇ ಇರೋದು ಸರಿಯಲ್ಲ."

ಭಾನುವಾರ ಹೋದೆವು. ತಾತ ಜಗಲಿಯ ಮೇಲೆ ಕೂತಿದ್ದರು. ಅಪ್ಪ ಕೆಳಗೆ ನಿಂತು, ಕಾಲೇಜಿನ ಅರ್ಜಿಯಲ್ಲಿ ಹೀಗೆ ಹೀಗೆ ಬರೆದಿದ್ದೇನೆ ಎಂದು ವರದಿ ಒಪ್ಪಿಸಿದಂತೆ ಹೇಳಿದರು. ತಾತ ಪೂರ್ತಿ ಕೇಳಿ, "ಅದನ್ನ ಹೇಳಾಕೆ ಇಷ್ಟು ದೂರ ಬಂದ್ಯಾ?" ಎಂದರು. ಅಪ್ಪ ಹೌದು ಎಂದರು. ಊಟಕ್ಕೆ ಇಬ್ಬರೂ ಒಟ್ಟಿಗೆ ಕೂತರು. ಅಪ್ಪ ನನಗೋಸ್ಕರ ಆ ಗೆರೆ ಎಳೆದರೋ, ತಮಗೋಸ್ಕರವೋ, ಅಥವಾ ಎರಡು ಗಂಟೆಯಾಗುತ್ತಾ ಬಂದಿತ್ತು ಎಂದೋ, ನಾನು ಎಷ್ಟು ಯೋಚಿಸಿದರೂ ಬಗೆಹರಿದಿಲ್ಲ. ಅವರಿದ್ದಾಗ ಕೇಳಲು ಧೈರ್ಯ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಏಳಕ್ಕೆ ತರಬೇತಿ ಶಾಲೆಗೆ ಹೋದೆ. ಬರುವುದಿಲ್ಲ ಎಂದು ಹೇಳುವುದಕ್ಕೂ ಹೊತ್ತಿಗೆ ಸರಿಯಾಗಿ ಹೋಗಬೇಕೆಂಬುದು ಅಪ್ಪನ ಆಜ್ಞೆ. ಹುಡುಗಿಯರು ಪೆಟ್ಟಿಗೆಗಳ ಮೇಲೆ ಸಾಲಾಗಿ ಕೂತಿದ್ದರು. ಮುಖ್ಯೋಪಾಧ್ಯಾಯಿನಿ ನನ್ನ ಬರಿಗೈ ನೋಡಿದರು.

"ಪೆಟ್ಟಿಗೆ ಎಲ್ಲಮ್ಮ?"

ಕಾಲೇಜಿನಲ್ಲಿ ಸೀಟು ಸಿಕ್ಕಿದೆ ಎಂದೆ.

"ನಿನ್ನ ಹೆಸರು ಅಲ್ಲಿಲ್ಲ ಅಂತ ಶುಕ್ರವಾರ ನಿಮ್ಮ ತಂದೆ ಹೇಳಿ ಕಳಿಸಿದ್ರಲ್ಲ. ಈಗ ಹೇಗೆ ಸಿಕ್ತು?"

"ನಾವು ಮೈಸೂರಿನವರು ಅಂತ ಗೊತ್ತಾಯ್ತು ಮೇಡಂ."

ಅವರು ಕೈಯಲ್ಲಿದ್ದ ಹಾಜರಿ ಪುಸ್ತಕದಿಂದ ಕಣ್ಣು ಎತ್ತಿದರು. "ಯಾವಾಗ ಗೊತ್ತಾಯ್ತು?"

"ಶನಿವಾರ," ಎಂದೆ. "ಎರಡು ಗಂಟೆಗೆ ಸ್ವಲ್ಪ ಮುಂಚೆ."

ಅವರು ನನ್ನ ಹೆಸರಿನ ಮೇಲೆ ಗೆರೆ ಎಳೆದು ಮುಂದಿನ ಹುಡುಗಿಯನ್ನು ಕರೆದರು.