ಗಟ್ಟಿ ತಲೆ

ಗಂಡ ಸತ್ತ ಹೆಂಗಸು ತಿಂಗಳು ತುಂಬಿದ ಕೂಡಲೇ ಶೂ ಹಾಕಿಕೊಂಡು ರಸ್ತೆಯಲ್ಲಿ ಬಿರುಸಾಗಿ ಹೆಜ್ಜೆ ಹಾಕಿದರೆ ಜನ ಏನನ್ನುತ್ತಾರೋ, ಅದನ್ನೆಲ್ಲ ನನಗೂ ಅಂದರು. ನನಗೆ ಬೇಸರವಾಗಲಿಲ್ಲ, ಸಿಟ್ಟು ಬಂತು. ಸಿಟ್ಟು ಬಂದರೆ ತಲೆನೋವು ಜಾಸ್ತಿಯಾಗುತ್ತಿತ್ತು, ಹಾಗಾಗಿ ಅದನ್ನೂ ನುಂಗಿಕೊಳ್ಳಬೇಕಾಯಿತು.

ಆ ನಡಿಗೆ ನನ್ನ ಶೋಕಿಯಲ್ಲ, ಡಾಕ್ಟರು ಬರೆದುಕೊಟ್ಟ ಔಷಧಿ. ಎನ್.ಆರ್.ಪುರದಲ್ಲಿ ನೆಂಟರ ಗೃಹಪ್ರವೇಶ ಮುಗಿಸಿ ಸ್ಕೂಟರಿನಲ್ಲಿ ಶೃಂಗೇರಿಗೆ ವಾಪಸು ಬರುವಾಗ, ಕೊಪ್ಪ ದಾಟಿದ ಮೇಲೆ ಒಂದು ತಿರುವಿನಲ್ಲಿ ಬಿದ್ದೆವು. ನನ್ನವರು ಅಲ್ಲೇ ಹೋದರು. ನನಗೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ಸರಿಯಾಗಿ ಎಚ್ಚರವಾಗುವಷ್ಟರಲ್ಲಿ ಇಲ್ಲಿ ಅವರನ್ನು ಸುಟ್ಟೂ ಆಗಿತ್ತು. ಕೊನೆಯದಾಗಿ ಮುಖ ನೋಡಲೂ ಸಿಗಲಿಲ್ಲ.

ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಮಿದುಳು ಅಲುಗಿದೆ, ನಿಧಾನಕ್ಕೆ ಸರಿಹೋಗುತ್ತದೆ ಎಂದು ಕಳಿಸಿದರು. ಮನೆಗೆ ಬಂದರೆ ಬೆಳಕು ಕಂಡರಾಗದು, ಕುಕ್ಕರ್ ಕೂಗಿದರೆ ವಾಂತಿ, ಹೊಲಿಗೆ ಮಿಷನ್ನಿನ ಸೂಜಿ ನೋಡಿದರೆ ನೆಲವೇ ತಿರುಗುತ್ತಿತ್ತು. ಬ್ಲೌಸ್ ಹೊಲಿದು ಬದುಕುವವಳು ನಾನು. ಕಿಟಕಿ ಮುಚ್ಚಿ ಮಲಗಿಸಿದರು. ಸೂತಕದ ಮನೆ ಬೇರೆ, ಹೊರಗೆ ಹೋಗುವ ಮಾತೇ ಇರಲಿಲ್ಲ. ಮಲಗಿದಷ್ಟೂ ತಲೆ ಭಾರವಾಯಿತು.

ಮತ್ತೆ ತೋರಿಸಲು ಹೋದಾಗ ಡಾಕ್ಟರು ಬೈದರು. ಮೊದಲ ಒಂದೆರಡು ದಿನದ ವಿಶ್ರಾಂತಿ ಸಾಕಿತ್ತಂತೆ. ಆಸ್ಪತ್ರೆಯಲ್ಲೇ ನಿಂತಲ್ಲೇ ತುಳಿಯುವ ಸೈಕಲ್ ತುಳಿಸಿ, ಎದೆಬಡಿತ ಎಷ್ಟಾದಾಗ ತಲೆನೋವು ಏಳುತ್ತದೆ ಎಂದು ನೋಡಿ, ಅದಕ್ಕಿಂತ ಸ್ವಲ್ಪ ಕೆಳಗೇ ಇರುವಂತೆ ದಿನಾ ಜೋರಾಗಿ ನಡೆಯಬೇಕೆಂದರು. ಬಡಿತ ನೋಡಿಕೊಳ್ಳಲು ಕೈಗೊಂದು ವಾಚು. ನೋವು ಹೆಚ್ಚಾದರೆ ನಿಲ್ಲಿಸಬೇಕು, ಮರುದಿನ ಮತ್ತೆ ಹೊರಡಬೇಕು. ಸಪಾಟು ರಸ್ತೆಯಲ್ಲಿ ನಡೆಯಿರಿ ಎಂದರು. ಶೃಂಗೇರಿ ಸೀಮೆಯಲ್ಲಿ ಸಪಾಟು ರಸ್ತೆ ಎಲ್ಲಿದೆ ಎಂದು ಕೇಳಬೇಕೆನಿಸಿತು.

ಜತೆಗೆ ಬಂದಿದ್ದ ಅತ್ತೆ ಕೇಳಿದ್ದು ಒಂದೇ. "ಇವ್ಳಿಗೆ ಬಿದ್ದಿದ್ದು ಎಂತದೂ ನೆನಪಿಲ್ಲ ಡಾಕ್ಟ್ರೇ. ನಡೆದ್ರೆ ನೆನಪು ಬತ್ತದಾ?"

"ತಲೆನೋವು ಹೋಗುತ್ತೆ ಅಮ್ಮ" ಎಂದರು ಡಾಕ್ಟರು. ಆ ಹೊತ್ತಿನ ನೆನಪು ಬಹುಶಃ ಬರುವುದೇ ಇಲ್ಲ ಎಂದು ಆಮೇಲೆ ನನಗೊಬ್ಬಳಿಗೆ ಹೇಳಿದರು. ಅತ್ತೆ ಮಾತ್ರ, ರಕ್ತ ಮೇಲೆ ಹತ್ತಿದರೆ ನೆನಪೂ ಹತ್ತಿ ಬರುತ್ತದೆ ಎಂದು ನಂಬಿಕೊಂಡರು. ಮಗ ಕೊನೆಗೆ ಏನು ಹೇಳಿದ ಎನ್ನುವುದಷ್ಟೇ ಅವರಿಗೆ ಬೇಕಾಗಿತ್ತು.

ಅವರಿಗೆ ಬೇಕಾದ್ದು ಅಷ್ಟಿಷ್ಟು ನನ್ನ ಬಳಿ ಇತ್ತು. ಬಿದ್ದದ್ದು ನೆನಪಿಲ್ಲ, ಕೊಪ್ಪ ಪೇಟೆ ದಾಟಿದ್ದೂ ನೆನಪಿಲ್ಲ. ಆದರೆ ಎನ್.ಆರ್.ಪುರದಿಂದ ಹೊರಟ ಗಳಿಗೆ ಚೆನ್ನಾಗಿ ನೆನಪಿತ್ತು. ನಮ್ಮಲ್ಲಿದ್ದದ್ದು ಒಂದೇ ಹೆಲ್ಮೆಟ್. ಅವರು ಅದನ್ನು ನನ್ನ ತಲೆಗಿಟ್ಟು, ಗಲ್ಲದ ಕೆಳಗೆ ಪಟ್ಟಿ ಬಿಗಿದು, "ನೀ ಹಾಕ್ಕ ಮಾರಾಯ್ತಿ, ನಂದು ಗಟ್ಟಿ ತಲೆ" ಎಂದಿದ್ದರು. ಅಲ್ಲಿಂದಾಚೆ ಕತ್ತಲೆ.

ಒಡೆದ ಹೆಲ್ಮೆಟ್ಟನ್ನು ಯಾರೋ ಮನೆಗೆ ತಲುಪಿಸಿದ್ದರು. ಜಗಲಿಯ ಕಂಬದ ಮೊಳೆಗೆ ಅದು ನೇತಾಡುತ್ತಿತ್ತು. ಮಾತಾಡಿಸಲು ಬಂದವರಿಗೆಲ್ಲ ಅತ್ತೆ ಅದನ್ನು ತೋರಿಸಿ, "ಹೆಲ್ಮೆಟ್ ಹಾಕಿದ್ರೂ ಉಳೀಲಿಲ್ಲ ನನ್ನ ಮಗ" ಎನ್ನುತ್ತಿದ್ದರು. ನಾನು ಒಳಗೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ನಿಮ್ಮ ಮಗನ ತಲೆ ಮೇಲಿರಬೇಕಾದ್ದು ನನ್ನ ತಲೆ ಮೇಲಿತ್ತು ಎಂದು ಹೆತ್ತವಳಿಗೆ ಯಾವ ಬಾಯಲ್ಲಿ ಹೇಳುವುದು?

ಕಿಗ್ಗದ ರಸ್ತೆಯಲ್ಲಿ ನಡೆಯಲು ಶುರುಮಾಡಿದೆ. ನಮ್ಮ ಕಡೆ ಕೆಲಸವಿಲ್ಲದೆ ಯಾರೂ ನಡೆಯುವುದಿಲ್ಲ, ನಡೆಯುವವರನ್ನು ಯಾರೂ ನಡೆಯಲು ಬಿಡುವುದೂ ಇಲ್ಲ. ಜೀಪು ನಿಲ್ಲುತ್ತದೆ, ಬೈಕು ನಿಲ್ಲುತ್ತದೆ. "ಹತ್ತಿ ಅಕ್ಕಾ, ಎಲ್ಲಿಗೆ?" ಎಲ್ಲಿಗೂ ಇಲ್ಲ ಎಂದರೆ ಮುಖ ಸಣ್ಣ ಮಾಡುತ್ತಾರೆ. ನಿಂತು ವಿವರಿಸುವಷ್ಟರಲ್ಲಿ ಕಷ್ಟಪಟ್ಟು ಏರಿಸಿದ ಬಡಿತ ಇಳಿದುಹೋಗಿರುತ್ತದೆ. ನೆಂಟರ ಪೈಕಿ ಒಬ್ಬ ಅಜ್ಜಿ ಮನೆಗೇ ಬಂದು, "ಮನೆಲಿ ಕೂರದು ಬಿಟ್ಟು ಇದೆಂತ ವಾಕಿಂಗು? ಜನ ನೋಡಲ್ವಾ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಜನ ನೋಡ್ಲಿ. ನನ್ನ ಮಗ ಎಂತ ಹೇಳ್ದ ಅಂತ ಜನ ಬಂದು ಹೇಳ್ತಾರಾ?" ಎಂದು ಚಪ್ಪಲಿ ಮೆಟ್ಟಿ ನನ್ನ ಜತೆ ಹೊರಟೇಬಿಟ್ಟರು.

ಅವತ್ತಿನಿಂದ ದಿನಾ ಸಂಜೆ ಅವರೂ ಬಂದರು. ಜೀಪು ನಿಂತರೆ "ಹೋಗಾ, ನಿನ್ನ ಕೆಲ್ಸ ನೋಡ್ಕ" ಎಂದು ಅಟ್ಟುವರು. ನನ್ನ ಬಿರುಸಿಗೆ ಅವರ ಮಂಡಿ ಒಪ್ಪುತ್ತಿರಲಿಲ್ಲ, ಮೋರಿಯ ಕಟ್ಟೆ ಮೇಲೆ ಕೂತು ಕಾಯುವರು. ತಿರುಗಿ ಬರುವಾಗ ದೂರದಿಂದಲೇ ನನ್ನ ಮುಖ ಹುಡುಕುವರು.

"ಎಂತಾರು ನೆನಪಾತಾ?"

"ಇಲ್ಲ ಅತ್ತೆ."

"ಆತದೆ. ಇವತ್ತು ನಿಧಾನ ನಡೆದೆ ನೀ."

ನನಗೆ ಗುಣವಾಗುತ್ತಾ ಬಂತು. ಕುಕ್ಕರ್ ಕೂಗಿದರೆ ಬರೀ ಕುಕ್ಕರ್ ಕೂಗಿತು ಅಷ್ಟೇ. ಒಂದು ಬೆಳಿಗ್ಗೆ ಸೂಜಿಗೆ ನೂಲು ಪೋಣಿಸಿದೆ, ನೆಲ ತಿರುಗಲಿಲ್ಲ. ಮಿಷನ್ನಿನ ಮೇಲೆ ತಲೆಯಿಟ್ಟು ಅಳುತ್ತಾ ಕೂತೆ. ತಲೆ ನೋಯುತ್ತಿದ್ದಷ್ಟು ದಿನ ನಾನೂ ನನ್ನವರ ಜತೆ ಬಿದ್ದಿದ್ದೆ ಎನ್ನುವುದಕ್ಕೆ ಏನಾದರೂ ಉಳಿದಿತ್ತು. ನೋವೂ ಹೋದ ಮೇಲೆ ಅವರು ಸತ್ತರು, ನಾನು ಚೆನ್ನಾಗಿದ್ದೇನೆ, ಅಷ್ಟೇ. ಹುಷಾರಾದದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಇನ್ನು ಬರುವುದು ಬೇಡ ಎಂದು ಡಾಕ್ಟರು ಹೇಳಿ ಕಳಿಸಿದ ದಿನವೂ ಸಂಜೆ ನಡೆದೆವು. ಕಟ್ಟೆಯ ಮೇಲಿಂದ ಅತ್ತೆ ಎಂದಿನಂತೆ ಕೇಳಿದರು. ಅವರ ಪಕ್ಕದಲ್ಲಿ ಕೂತೆ.

"ನೆನಪು ಬರಲ್ಲ ಅತ್ತೆ. ಡಾಕ್ಟ್ರು ನಂಗೆ ಮೊದ್ಲೇ ಹೇಳಿದ್ರು. ಆದ್ರೆ ಹೊರಡುವಾಗಿಂದು ನೆನಪಿದೆ. ಹೆಲ್ಮೆಟ್ ಹಾಕಿದ್ದು ನಾನು. ಅವ್ರೇ ನಂಗೆ ಹಾಕಿದ್ರು." ಅವರು ಆಡಿದ ಮಾತನ್ನೂ ಅಂದಂತೆಯೇ ಹೇಳಿದೆ.

ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು. ಅತ್ತೆ ನನ್ನ ಕಡೆಗೆ ತಿರುಗಿ ಕೂತರು.

"ಗಟ್ಟಿ ತಲೆ ಅಂದ್ನಾ?"

"ಹೌದು."

"ಸಣ್ಣಕ್ಕಿದ್ದಾಗ ಓಡಾದು ಜಾಸ್ತಿ ಅವಂಗೆ. ಜಗಲಿ ಕಂಬಕ್ಕೆ ತಲೆ ಹೊಡ್ಕಂಡು ಅಳ್ತಿದ್ದ. ನಾನು ಕಂಬಕ್ಕೇ ಎರಡು ಹೊಡ್ದು, ನನ್ನ ಮಗಂದು ಗಟ್ಟಿ ತಲೆ, ನಿಂಗೇ ಪೆಟ್ಟಾತು ನೋಡು ಅಂತ ಕಂಬಕ್ಕೆ ಬೈತಿದ್ದೆ. ಅಳಾದು ಬಿಟ್ಟು ನಗ್ತಿದ್ದ." ಸೆರಗನ್ನು ಬಾಯಿಗೆ ಒತ್ತಿಕೊಂಡರು. "ನಾ ಹೇಳ್ಕೊಟ್ಟ ಮಾತು ಅದು. ಅವ ನಂಬಿಬಿಟ್ಟಿದ್ದ ಮಾರಾಯ್ತಿ."

ನಾನು ಅವರ ಕೈ ಹಿಡಿದುಕೊಂಡೆ. ಕಿಗ್ಗದ ಕಡೆಯಿಂದ ಬಂದ ಜೀಪೊಂದು ನಿಂತಿತು. "ಹತ್ತಿ ಅಮ್ಮಾ" ಎಂದ ಡ್ರೈವರನನ್ನು ಅತ್ತೆ ಅಟ್ಟಲಿಲ್ಲ. ಇಬ್ಬರಿಗೂ ನಡೆಯಲು ಆಗುವಂತಿರಲಿಲ್ಲ. ಹತ್ತಿ ಕೂತೆವು.