ಬರೇ ಕನಸು

ಅಗಸೆ ಹುರಿಯುವಾಗ ಏಳುವ ವಾಸನೆ ನಿಮಗೆ ಗೊತ್ತಿದ್ದರೆ ನೀವು ಧಾರವಾಡದ ಕಡೆಯವರು, ಇಲ್ಲವೇ ಧಾರವಾಡದವರ ಪಕ್ಕದ ಮನೆಯಲ್ಲಿದ್ದವರು. ಮೊನ್ನೆ ಮಧ್ಯಾಹ್ನ ಚಟ್ನಿಪುಡಿ ಮಾಡೋಣವೆಂದು, ಲಂಡನ್ನಿನ ಕ್ವೀನ್ಸ್‌ಬರಿಯ ನಮ್ಮ ಬೀದಿಯ ಅಂಗಡಿಯಿಂದ ಪೊಟ್ಟಣ ತಂದು ಬಾಣಲೆಗೆ ಸುರಿದೆ. ಕಾಳು ಚಟಪಟ ಸಿಡಿಯತೊಡಗಿತು. ಒಳಕೋಣೆಯಿಂದ ಅವ್ವ ಕೂಗಿದಳು: "ಯಾರ ಬಂದಾರ? ಆರ್ಥರ್ ಬಂದಾನೇನು? ಕುಂದ್ರಸು ಅವಗ."

ಅಪ್ಪ ಅವ್ವನ ಚಿತ್ರಕಾರ ಗೆಳೆಯ ಆರ್ಥರ್ ಸತ್ತು ಎಷ್ಟೋ ವರ್ಷವಾಯಿತು. ಅಪ್ಪನೂ ಹೋದ. ಆದರೆ ಇದರಲ್ಲಿ ಅವ್ವನ ತಪ್ಪಿಲ್ಲ. ಚಿತ್ರಕಾರರು ಬಣ್ಣಕ್ಕೆ ಬೆರೆಸುವ ಎಣ್ಣೆಯೂ ಇದೇ ಅಗಸೆಯದು. ಬೇರೆಯವರ ಮನೆಯಲ್ಲಿ ರೊಟ್ಟಿಯ ಪಕ್ಕಕ್ಕೆ ಬಂದ ಅಗಸೆ ನಮ್ಮ ಮನೆಯಲ್ಲಿ ಕ್ಯಾನ್‌ವಾಸಿಗೆ ಹೋಯಿತು. ಆ ವಾಸನೆ ಬಂತೆಂದರೆ ಮನೆಗೆ ಮಂದಿ ಬಂದರೆಂದೇ ಲೆಕ್ಕ. ಎಂಬತ್ತು ದಾಟಿದ ಅವ್ವನಿಗೆ ನಿನ್ನೆ ಉಂಡದ್ದು ನೆನಪಿರುವುದಿಲ್ಲ, ಆರ್ಥರ್ ಮಾತ್ರ ಅಳಿಸಿಹೋಗಿಲ್ಲ. ನನಗೆ ಅದಕ್ಕೂ ಸಿಟ್ಟು.

ಸಿಟ್ಟು ಏಕೆಂದು ಹೇಳುತ್ತೇನೆ, ಸ್ವಲ್ಪ ತಾಳಿ. ಕಳೆದ ವಾರ ಒಂದು ಗ್ಯಾಲರಿಯಿಂದ ಫೋನ್ ಬಂದಿತ್ತು. ಅಪ್ಪ ಅವ್ವ ಮತ್ತು ಅವರ ಬಳಗದ ಚಿತ್ರಗಳನ್ನು ಪ್ರದರ್ಶನಕ್ಕೆ ಇಡುತ್ತಾರಂತೆ. ನಡುವಿನ ಗೋಡೆಗೆ 'ಲಿಫ್ಟಿನಲ್ಲಿ ಹುಡುಗಿ' ಎಂಬ ಅವರ ಚಿತ್ರ. ಅದರ ಪಕ್ಕದಲ್ಲಿ ಹಾಕಲು ಮಗಳಾದ ನಾನು ನಾಲ್ಕು ಬೆಚ್ಚನೆಯ ಮಾತು ಬರೆದುಕೊಡಬೇಕು. ಫೋನಿನಲ್ಲಿದ್ದ ಹುಡುಗಿ ಒಳ್ಳೆಯವಳು. "ಎಂಥ ಮಾಂತ್ರಿಕ ಬಾಲ್ಯ ನಿಮ್ಮದು!" ಎಂದು ಇಂಗ್ಲಿಷಿನಲ್ಲಿ ಉದ್ಗರಿಸಿದಳು. ಆ ಚಿತ್ರದ ಹಸಿರು ನೀರಿನ ಬಗ್ಗೆ ಒಬ್ಬ ಪಂಡಿತರು ದೊಡ್ಡ ಲೇಖನವನ್ನೇ ಬರೆದಿದ್ದಾರಂತೆ. ಅದು ಬಿಟ್ಟುಬಂದ ಊರಿನ ಕೆರೆಯ ಹಸಿರು ಎಂದು. ನಾನು ಹಲ್ಲು ಕಚ್ಚಿಕೊಂಡು ಹೂಂ ಎಂದೆ.

ನಾನು ಚಿಕ್ಕವಳಿದ್ದಾಗ ನಾವಿದ್ದದ್ದು ಹೌನ್ಸ್ಲೋದಲ್ಲಿ, ನಗರಸಭೆ ಬಾಡಿಗೆಗೆ ಕೊಡುವ ಒಂದು ಕೌನ್ಸಿಲ್ ಫ್ಲಾಟಿನಲ್ಲಿ. ಅಪ್ಪ ಅವ್ವ ಇಬ್ಬರೂ ಚಿತ್ರ ಕಲಿಯಲೆಂದು ಬಂದು ಇಲ್ಲೇ ನಿಂತವರು. ಅವರ ಬಳಗದವರು ತಮ್ಮನ್ನು ಸರ್ರಿಯಲಿಸ್ಟರು ಎಂದು ಕರೆದುಕೊಳ್ಳುತ್ತಿದ್ದರು. ಕನ್ನಡದ ವಿಮರ್ಶಕರು ಅತಿವಾಸ್ತವವಾದಿಗಳು ಎನ್ನುತ್ತಾರೆ. ಹಾಗೆಂದರೆ ಏನೆಂದು ನನ್ನನ್ನು ಕೇಳಿದರೆ ನಾನು ಹೇಳುವುದಿಷ್ಟೇ. ಮನೆಯಲ್ಲಿದ್ದದ್ದು ನಾಲ್ಕು ಕುರ್ಚಿ, ಅದರಲ್ಲಿ ಒಂದನ್ನು ತಲೆಕೆಳಗಾಗಿ ಛಾವಣಿಗೆ ಮೊಳೆ ಹೊಡೆದು ನಿಲ್ಲಿಸಿದ್ದರು. ಅದು ನಾನು ಹೋಮ್‌ವರ್ಕ್ ಮಾಡುವ ಕುರ್ಚಿ. ಹೀಥ್ರೂಗೆ ಇಳಿಯುವ ವಿಮಾನ ನೆತ್ತಿಯ ಮೇಲೆ ಬಂದಾಗಲೆಲ್ಲ ಅದು ಗಡಗಡ ನಡುಗುತ್ತಿತ್ತು. ಎಲ್ಲಿ ತಲೆಯ ಮೇಲೆ ಬಿದ್ದೀತೋ ಎಂದು ನಾನು ಗೋಡೆಗೆ ಅಂಟಿಕೊಂಡು ಓಡಾಡುತ್ತಿದ್ದೆ. ನಾನು ಹಾಗೆ ಓಡಾಡುವುದನ್ನೂ ಬಂದವರು ಕಲೆಯೆಂದೇ ತಿಳಿದು ಚಪ್ಪಾಳೆ ತಟ್ಟುತ್ತಿದ್ದರು.

ಈ ಮಂದಿಗೆ ಕನಸೇ ದೇವರು. ಕನ್ನಡದಲ್ಲಿ ಕನಸು 'ಬೀಳುತ್ತದೆ' ಎಂದು ಅಪ್ಪ ಒಂದು ಭಾನುವಾರ ಇಂಗ್ಲಿಷಿಗೆ ಮಾಡಿ ಹೇಳಿದ್ದೇ ತಡ, ಎಲ್ಲರೂ ಕುಣಿದಾಡಿಬಿಟ್ಟರು. ಮುಂದಿನ ವಾರ ಆರ್ಥರ್ ಛತ್ರಿ ತಂದು ಊಟದ ಮೇಜಿನ ಮೇಲೆ ಬಿಚ್ಚಿ ಹಿಡಿದು ಕೂತ. ಮೈ ನೆನೆಯಬಾರದಲ್ಲ, ಅದಕ್ಕೆ! ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ, ಸುಳ್ಳೇಕೆ ಹೇಳಲಿ. ಆರೇಳು ವರ್ಷದ ಮಗುವಿಗೆ ಅಂಥ ಮನೆ ಮಜವಾಗಿಯೇ ಇರುತ್ತದೆ, ಹೆದರಿಕೆಯಾಗುವವರೆಗೆ.

ಆ ಬಳಗದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಕನಸಿನ ಹಿಂದೆ 'ಬರೇ' ಎಂಬ ಪದ ಹಚ್ಚುವಂತಿಲ್ಲ. ಬರೇ ಕನಸು ಎಂದು ಯಾರಾದರೂ ಬಾಯಿತಪ್ಪಿ ಅಂದರೆ, ಎಲ್ಲರ ಚಹಾ ಮುಗಿಯುವವರೆಗೆ ಮೇಜಿನ ಕೆಳಗೆ ಕೂರಬೇಕು. ಎಚ್ಚರದ ಬದುಕೇ ಬರೇ, ಕನಸೇ ಖರೆ ಎಂದು ಅಪ್ಪ ಕೈ ಬೀಸಿ ಹೇಳುತ್ತಿದ್ದ. ಪ್ರತಿದಿನ ಬೆಳಗ್ಗೆ ನನಗೆ ಹಾಲಿಗಿಂತ ಮೊದಲು ಸಿಗುತ್ತಿದ್ದದ್ದು "ಏನ ಕನಸ ಬಿತ್ತವಾ?" ಎಂಬ ಪ್ರಶ್ನೆ. ಮಗುವಿನ ಕನಸು ಅವರ ಪಾಲಿಗೆ ಕಲಬೆರಕೆಯಿಲ್ಲದ ಮಾಲು.

ಒಂದು ಚಳಿಗಾಲದ ಬೆಳಗಿನ ಜಾವ ನನಗೆ ಲಿಫ್ಟಿನ ಕನಸು ಬಿತ್ತು. ನಮ್ಮ ಕಟ್ಟಡದ್ದೇ ಲಿಫ್ಟು. ಒಳಗೆ ನಾನೊಬ್ಬಳೇ. ಕಾಲಬುಡದಿಂದ ನೀರು ಏರುತ್ತಿದೆ, ಬಾಗಿಲು ತೆರೆಯುತ್ತಿಲ್ಲ, ಹೊರಗೆ ಅವ್ವ ನಿಂತು ಬೇರೆ ಕಡೆ ನೋಡುತ್ತಿದ್ದಾಳೆ. ಕಿರುಚಿಕೊಂಡು ಎದ್ದೆ. ಹಾಸಿಗೆ ಒದ್ದೆಯಾಗಿತ್ತು. ಕನಸಿನ ನೀರಲ್ಲ, ನನ್ನದೇ. ಅವ್ವ ಓಡಿ ಬಂದಳು. ನಾನು ಎರಡೂ ಕೈ ಚಾಚಿದೆ. ಅವಳ ಕೈಯಲ್ಲಿ ಚಿತ್ರ ಬಿಡಿಸುವ ಪುಸ್ತಕವಿತ್ತು.

"ಅಳಬ್ಯಾಡ, ತಡಿ. ಅಳಕೋತ ಹೇಳಿದ್ರ ಕನಸ ಹಾರಿ ಹೋಗ್ತದ. ನೀರ ಯಾವ ಬಣ್ಣದ್ದಿತ್ತು?"

ಅಪ್ಪ ಮಂಚದ ತುದಿಗೆ ಕೂತು ಗೆರೆ ಹಾಕತೊಡಗಿದ. ನೀರು ಎಲ್ಲಿಯವರೆಗೆ ಬಂದಿತ್ತು, ಕೈ ಎಲ್ಲಿದ್ದವು, ಬಾಯಿ ತೆರೆದಿತ್ತೋ ಮುಚ್ಚಿತ್ತೋ. ಒದ್ದೆ ಚಾದರ ತೊಡೆಗೆ ಹತ್ತಿ ತಣ್ಣಗೆ ಕೊರೆಯುತ್ತಿತ್ತು. ಏನಾದರೂ ಒಂದು ಹೇಳಿದರೆ ಬಿಟ್ಟಾರು ಎಂದು "ಹಸಿರು" ಎಂದೆ. ಅವ್ವನ ಮುಖ ಅರಳಿತು. ಆದರೆ ಬಿಡಲಿಲ್ಲ. ಯಾವ ಹಸಿರು ಎಂದು ಕೇಳಿದಳು. ಅಪ್ಪ ಗೆರೆ ಹಾಕಿದ, ಅವ್ವ ಬಣ್ಣ ತುಂಬಿದಳು, ಕೆಳಗೆ ಇಬ್ಬರ ಸಹಿಯಿದೆ. ಗ್ಯಾಲರಿಯ ನಡುವಿನ ಗೋಡೆಗೆ ಬರುವುದು ಆ ಬೆಳಗು. ನನಗೆ ಇಷ್ಟು ವಯಸ್ಸಾದ ಮೇಲೂ ಅದನ್ನು ಬರೆಯುವಾಗ ಮೈ ಉರಿಯುತ್ತದೆ.

ಬೇರೆ ಮನೆಗಳಲ್ಲಿ ಹೀಗಿರುವುದಿಲ್ಲ ಎಂದು ನನಗೆ ಗೊತ್ತಾದದ್ದು ಶಾರದಾ ಕಾಕುವಿನ ಮನೆಯಲ್ಲಿ. ಎಜ್‌ವೇರಿನಲ್ಲಿದ್ದ ಧಾರವಾಡದ ಡಾಕ್ಟರ ಹೆಂಡತಿ ಆಕೆ. ಅಪ್ಪ ಅವ್ವ ಬಳಗದ ಜೊತೆ ಎಲ್ಲಾದರೂ ಹೊರಟರೆ ನನ್ನನ್ನು ಅಲ್ಲಿ ಬಿಡುತ್ತಿದ್ದರು. ಹೂವಿನ ಪರದೆ, ನೆಲದ ಮೇಲೇ ನಿಂತಿರುವ ಕುರ್ಚಿ, ಗೋಡೆಯ ಮೇಲೆ ಕ್ಯಾಲೆಂಡರ್. ನಮ್ಮ ಅಪ್ಪ ಆ ಮನೆಯನ್ನು ಕಂಡು ಮೂಗು ಮುರಿಯುತ್ತಿದ್ದ, ನನಗೆ ಅದೇ ಸ್ವರ್ಗ. ಒಂದು ಮಧ್ಯಾಹ್ನ ಮಕ್ಕಳೆಲ್ಲ ಮಲಗಿದ್ದಾಗ ಅವಳ ಮಗಳು ಕನಸು ಬಿದ್ದು ಅಳುತ್ತ ಎದ್ದಳು. ಕಾಕು ಹಿಟ್ಟಿನ ಕೈಯಲ್ಲೇ ಓಡಿಬಂದಳು. ನಾನು ಅಭ್ಯಾಸಬಲದಿಂದ ಪೆನ್ಸಿಲ್ ಎಲ್ಲಿ ಎಂದು ನೋಡಿದೆ. ಪೆನ್ಸಿಲ್ ಇರಲಿಲ್ಲ. ಮಗಳನ್ನು ಎದೆಗೆ ಅವಚಿಕೊಂಡು ಕಾಕು ಅಂದದ್ದು ಇಷ್ಟೇ: "ಬರೇ ಕನಸವಾ, ಏನೂ ಇಲ್ಲ. ನಾ ಇದ್ದೀನಲ್ಲ, ಮಲಕೋ."

ಬರೇ! ಮೇಜಿನ ಕೆಳಗೆ ಕೂರಿಸುವ ಆ ಪದವನ್ನು ಒಬ್ಬ ತಾಯಿ ರಾಜಾರೋಷವಾಗಿ ಆಡುತ್ತಿದ್ದಾಳೆ. ಮಗಳು ಎರಡು ಸಲ ಬಿಕ್ಕಿ ಹಾಗೇ ನಿದ್ದೆಹೋದಳು. ನಾನು ಗೋಡೆಯ ಕಡೆ ತಿರುಗಿ ಆ ಪದವನ್ನು ಬಾಯೊಳಗೇ ಆಡಿ ನೋಡಿದೆ. ನಾವೇ ಹೇಳಿಕೊಂಡರೆ ಅದು ಕೆಲಸ ಮಾಡುವುದಿಲ್ಲ.

ಆಮೇಲೆ ನಾನು ಹುಷಾರಾದೆ. ಖರೆ ಕನಸುಗಳನ್ನು ಬಚ್ಚಿಟ್ಟು, ರೆಕ್ಕೆಯ ಬಸ್ಸು, ಮೀಸೆಯ ಮೀನು ಎಂದು ಏನೇನೋ ಹೊಸೆದು ಕೊಡತೊಡಗಿದೆ. ಅವಕ್ಕೂ ಚಪ್ಪಾಳೆ ಬಿತ್ತು. ದೊಡ್ಡವಳಾದ ಮೇಲೆ ಬಸ್ ಡಿಪೋದಲ್ಲಿ ವೇಳಾಪಟ್ಟಿ ಮಾಡುವ ಕೆಲಸ ಹಿಡಿದು ನಿವೃತ್ತಿಯವರೆಗೂ ಅದನ್ನೇ ಮಾಡಿದೆ. ಅಪ್ಪನಿಗೆ ಅದು ದೊಡ್ಡ ಅವಮಾನ. ನನ್ನ ಬಸ್ಸುಗಳಿಗೆ ರೆಕ್ಕೆಯಿರಲಿಲ್ಲ, ಆದರೆ ಹೇಳಿದ ಹೊತ್ತಿಗೆ ಬರುತ್ತಿದ್ದವು, ಹೆಚ್ಚುಕಡಿಮೆ.

ಅಪ್ಪನ ಮೇಲಿನ ಸಿಟ್ಟು ಅಪ್ಪನ ಜೊತೆಗೇ ಹೋಯಿತೆನ್ನಿ. ನನ್ನ ಅಳು ಅವನಿಗೆ ಕೇಳಿಸುತ್ತಲೇ ಇರಲಿಲ್ಲ. ಅವ್ವನಿಗೆ ಕೇಳಿಸುತ್ತಿತ್ತು, ಓಡಿ ಬರುತ್ತಿದ್ದಳು, ಬಂದು ಬಣ್ಣ ಕೇಳುತ್ತಿದ್ದಳು. ಅವಳ ನೆನಪು ಇನ್ನೂ ನೆಟ್ಟಗಿದ್ದಾಗ ಒಮ್ಮೆ ಮುಖಕ್ಕೆ ಹೊಡೆದಂತೆ ಕೇಳಿಯೂ ಬಿಟ್ಟೆ, ನನ್ನನ್ನು ಯಾಕೆ ಎತ್ತಿಕೊಳ್ಳಲಿಲ್ಲ ಎಂದು. ಅವ್ವ ಕಿಟಕಿಯ ಕಡೆ ತಿರುಗಿದಳು. "ಆ ಮಂದಿ ನನಗ ಚಿತ್ರಗಾರ್ತಿ ಅಂತ ಕರೀತಿದ್ರು. ಅಳೋ ಕೂಸಿನ ಎತಗೊಂಡ ಕೂತಿದ್ರ ಬರೇ ಅವ್ವ ಆಗ್ತಿದ್ದೆ. ಚಾ ಮಾಡು ಹೋಗು ಅಂತಿದ್ರು," ಎಂದಳು. ಚಹಾ ಹೇಗೂ ಅವಳೇ ಮಾಡುತ್ತಿದ್ದಳು. ಕನಸೇ ದೇವರೆಂದು ಕೂಗಾಡಿದ ಆ ಗಂಡಸರಲ್ಲಿ ಒಬ್ಬನೂ ಒಂದು ಲೋಟ ತೊಳೆದದ್ದನ್ನು ನಾನು ಕಾಣೆ. ಅವರ ಮೇಲೂ ಸಿಟ್ಟು ಬಂತು. ಅವ್ವನ ಮೇಲಿನದು ಮಾತ್ರ ಇಳಿಯಲಿಲ್ಲ.

ಮೊನ್ನೆ ಅಗಸೆ ಇಳಿಸಿ, ಗ್ಯಾಲರಿಗೆ ಬರೆಯೋಣವೆಂದು ಅವ್ವನ ಕೋಣೆಯಲ್ಲೇ ಕಾಗದ ಹಿಡಿದು ಕೂತಿದ್ದೆ. ಆರ್ಥರನಿಗಾಗಿ ಕಾದು ಕಾದು ಅವಳಿಗೆ ಕುರ್ಚಿಯಲ್ಲೇ ಜೊಂಪು ಹತ್ತಿತ್ತು. ಇದ್ದಕ್ಕಿದ್ದಂತೆ ಚೀರಿ ಎದ್ದಳು. ಕೈ ನನ್ನ ಕಡೆ ಚಾಚಿದ್ದವು. "ಎಲ್ಲಾರೂ ಹೋಗಿಬಿಟ್ರು. ಬಾಗಲಾ ಹಾಕ್ಕೊಂಡ ಹೋದ್ರು. ನನ್ನ ಒಳಗ ಬಿಟ್ಟು ಹೋದ್ರು."

ನನ್ನ ಕೈಯಲ್ಲಿ ಪೆನ್ನಿತ್ತು. ಆ ಮಾತು ನಾಲಿಗೆಗೆ ಹೇಗೆ ಬಂತೋ, ಇಷ್ಟು ವರ್ಷ ಅಲ್ಲೇ ಕಾದು ಕೂತಿತ್ತೋ ಏನೋ. "ಬಾಗಲಾ ಯಾವ ಬಣ್ಣದ್ದಿತ್ತು, ಅವ್ವಾ?" ಎಂದೆ.

ಅವಳು ಕೈ ಕೆಳಗಿಳಿಸಿದಳು. ಹುಡುಕಿದಳು, ನಿಜವಾಗಿಯೂ ಹುಡುಕಿದಳು, ಹುಬ್ಬು ಗಂಟು ಹಾಕಿ. "ಬಣ್ಣಾ... ನೆನಪಾಗವಲ್ದು. ಸಿಟ್ಟಾಗಬ್ಯಾಡ," ಎಂದು ಅಳತೊಡಗಿದಳು.

ಪೆನ್ನು ಎಸೆದು ಅವಳನ್ನು ಹಿಡಿದುಕೊಂಡೆ. ಒಂದು ಹಿಡಿ ಮೂಳೆ. "ಬರೇ ಕನಸವಾ. ಏನೂ ಇಲ್ಲ. ನಾ ಇದ್ದೀನಲ್ಲ."

"ಬರೇ ಕನಸೇನು?"

"ಹೂಂ. ಬರೇ ಕನಸು."

ಅವಳ ಮೈ ಸಡಿಲಾಯಿತು. ಸ್ವಲ್ಪ ಹೊತ್ತಿಗೆ, ಅಗಸಿ ಚಟ್ನಿ ಆತೇನು ಎಂದು ಕೇಳಿದಳು. ಮುಗಿಯಿತು, ಅಷ್ಟೇ. ಈಗ ಸಿಟ್ಟು ಇಳಿಯಿತೆಂದು ಬರೆದರೆ ನಿಮಗೆ ಹಿತವಾಗುತ್ತದೆ, ನನಗೆ ಗೊತ್ತು. ಇಳಿಯಲಿಲ್ಲ, ಹೆಚ್ಚಾಯಿತು. ಹಾಗೆ ಹಿಡಿದುಕೊಳ್ಳುವುದು ಇಷ್ಟು ಸುಲಭವಿತ್ತೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಅವಳಿಗೆ ರೊಟ್ಟಿ ಚಟ್ನಿ ತಿನ್ನಿಸಿ ಬಂದು ಗ್ಯಾಲರಿಗೆ ಬರೆದೆ. ನಾಲ್ಕು ಬೆಚ್ಚನೆಯ ಮಾತು ಕೇಳಿದ್ದರು. ಎರಡು ವಾಕ್ಯ ಕಳಿಸಿದ್ದೇನೆ, ಹಾಕಿದರೆ ಹಾಕಲಿ, ಬಿಟ್ಟರೆ ಬಿಡಲಿ: ನೀರು ಹಸಿರಾಗಿರಲಿಲ್ಲ. ಮಗುವಿಗೆ ಚಳಿಯಾಗುತ್ತಿತ್ತು.